ನಂದಿ ಬೆಟ್ಟದ ಎತ್ತರ ರೋಮನ್ ಅಂಕಿಯಲ್ಲಿ: 13 ಸಾಲಿನ ಪಟ್ಟಿ, ಚಿಕ್ಕ ಪ್ರೋಗ್ರಾಂ

[ಪರದೆ: ನಂದಿ ಬೆಟ್ಟದ ಚಿತ್ರ, ಮೇಲೆ 1478]

ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ನಮ್ಮ ನಂದಿ ಬೆಟ್ಟದ ಎತ್ತರ 1478 ಮೀಟರ್. ಈ ಸಂಖ್ಯೆಯನ್ನು ರೋಮನ್ ಅಂಕಿಗೆ ಬದಲಿಸುವ ಪ್ರೋಗ್ರಾಂ ಇವತ್ತು ಪೈಥಾನ್‌ನಲ್ಲಿ ಬರೆಯೋಣ.

ಅಕ್ಷರಗಳು ಏಳೇ. ಐ ಅಂದರೆ 1, ವಿ 5, ಎಕ್ಸ್ 10, ಎಲ್ 50, ಸಿ 100, ಡಿ 500, ಎಂ 1000. ಶಾಲೆಯಲ್ಲಿ ಕಲಿತದ್ದೇ, ಮುಂದೆ ಹೋಗೋಣ.

ತೊಡಕು ಇರುವುದು 4ರಲ್ಲಿ. ನಾಲ್ಕು ಐ ಬರೆಯುವಂತಿಲ್ಲ, ವಿ ಎಡಕ್ಕೆ ಒಂದು ಐ ಬರಬೇಕು. (ಎಷ್ಟೋ ಗಡಿಯಾರಗಳಲ್ಲಿ ನಾಲ್ಕು ಐ ಇರುತ್ತದೆ, ಅಲ್ವಾ? ಅದು ಗಡಿಯಾರ ಮಾಡುವವರ ರೂಢಿ, ನಮಗೆ ಬೇಡ.) 9, 40, 90, 400, 900 ಕೂಡ ಇದೇ ಜಾತಿ. ಒಂದೊಂದಕ್ಕೂ ಬೇರೆ ಇಫ್ (ಹೀಗಿದ್ದರೆ ಹೀಗೆ ಮಾಡು ಅನ್ನುವ ಸಾಲು) ಬರೆಯಲು ಹೋದರೆ ತಲೆನೋವು ಜಾಸ್ತಿ. ಏಳು ಅಕ್ಷರಗಳನ್ನು ಬೆಲೆಯ ಜೊತೆ ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಮಾಡಿ, ಸುಮ್ನೆ ಈ ಆರನ್ನೂ ಅದಕ್ಕೇ ಸೇರಿಸಿಬಿಡಿ.

[ಪರದೆ: 1000, 900, 500, 400, 100, 90, 50, 40, 10, 9, 5, 4, 1]

ಫಾರ್ ಲೂಪ್ ಮೇಲಿಂದ ಒಂದೊಂದೇ ಸಾಲು ಇಳಿಯುತ್ತದೆ. ಅದರೊಳಗೆ ವೈಲ್: ಸಂಖ್ಯೆಯಲ್ಲಿ ಆ ಬೆಲೆ ಹಿಡಿಸುವಷ್ಟು ಸಲ ಕಳೆಯುವುದು, ಅಕ್ಷರ ಅಂಟಿಸುವುದು. ಹೂವಿನ ಮಂಡಿಯಲ್ಲಿ ದುಡ್ಡು ಎಣಿಸಿ ಕೊಡುವಾಗ ಐನೂರರ ನೋಟು ಮುಗಿದ ಮೇಲೆ ತಾನೇ ಇನ್ನೂರು, ನೂರಕ್ಕೆ ಬರುವುದು? ಹಾಗೇ.

[ಪರದೆ: ಒಂದೊಂದೇ ಹೆಜ್ಜೆ]

1478ರಲ್ಲಿ 1000 ಹೋಯಿತು, ಎಂ. ಉಳಿದದ್ದು 478. 900 ಆಗುವುದಿಲ್ಲ, 500 ಕೂಡ ಇಲ್ಲ. 400 ಆಗುತ್ತದೆ, ಸಿ ಡಿ. ಉಳಿದದ್ದು 78. ಎಲ್ ಹಾಕಿದರೆ 28, ಎರಡು ಎಕ್ಸ್ ಹಾಕಿದರೆ 8, ವಿ ಹಾಕಿದರೆ 3. ಕೊನೆಗೆ ಮೂರು ಐ.

ಪಟ್ಟಿಯನ್ನು ತಲೆಕೆಳಗೆ ಬರೆದರೆ? 1 ಮೊದಲು ಸಿಗುತ್ತದೆ, ಪರದೆ ತುಂಬಾ 1478 ಐಗಳು!

ಇನ್ನು, ರೋಮನ್ ಅಂಕಿಯಲ್ಲಿ ಸೊನ್ನೆಗೆ ಅಕ್ಷರವಿಲ್ಲ. 0 ಕೊಟ್ಟರೆ ಈ ಪ್ರೋಗ್ರಾಂ ಖಾಲಿ ಸಾಲು ತೋರಿಸುತ್ತದೆ. 4000 ಕೊಟ್ಟರೆ ನಾಲ್ಕು ಎಂ ಬರುತ್ತದೆ, ಅದೂ ತಪ್ಪು. ಹಾಗಾಗಿ ಶುರುವಿನಲ್ಲೇ 1ರಿಂದ 3999ರ ಒಳಗೆ ಇದೆಯಾ ಅಂತ ನೋಡಿಕೊಳ್ಳಿ.

ಈಗ ಪರೀಕ್ಷೆ. ಕೋಲಾರದಿಂದ ಬೇರೆಯಾಗಿ ನಮ್ಮ ಜಿಲ್ಲೆ ಆದದ್ದು 2007ರಲ್ಲಿ. ಕೊಟ್ಟು ನೋಡಿ: ಎಂ ಎಂ ವಿ ಐ ಐ. ಆದರೆ ಇದನ್ನು ನಂಬಿ ಕೂರಬೇಡಿ, ಆ ಆರು ಸಾಲು ಮರೆತಿದ್ದರೂ 2007 ಸರಿಯಾಗೇ ಬರುತ್ತದೆ. 444 ಮತ್ತು 999 ಕೊಡಿ. ಮೊದಲನೆಯದಕ್ಕೆ ಸಿ ಡಿ ಎಕ್ಸ್ ಎಲ್ ಐ ವಿ, ಎರಡನೆಯದಕ್ಕೆ ಸಿ ಎಂ ಎಕ್ಸ್ ಸಿ ಐ ಎಕ್ಸ್ ಬರಬೇಕು. ಬರದಿದ್ದರೆ ಪಟ್ಟಿಯ 13 ಸಾಲನ್ನೂ ಇನ್ನೊಮ್ಮೆ ಎಣಿಸಿ.