ಎಕ್ಸ್‌ಟೆಂಡೆಡ್ ವಾರಂಟಿ: ಬರಲ್ಲ ಅಂದರೆ ಬರೆದುಕೊಡಿ

ಕೇಳುಗರೇ, ನಮಸ್ಕಾರ.

ಹೊಸ ಕಾರು ಬುಕ್ ಮಾಡುವಾಗ ಶೋರೂಮಿನವರು ಎಕ್ಸ್‌ಟೆಂಡೆಡ್ ವಾರಂಟಿಯ, ಅಂದರೆ ಮಾಮೂಲಿ ವಾರಂಟಿ ಮುಗಿದ ಮೇಲೂ ಮುಂದುವರಿಯಲು ದುಡ್ಡು ಕೊಟ್ಟು ಕೊಳ್ಳುವ ವಾರಂಟಿಯ ಮಾತು ತೆಗೆದೇ ತೆಗೆಯುತ್ತಾರೆ. "ಐದು ವರ್ಷ ಏನೇ ಆದ್ರೂ ನಾವಿದ್ದೀವಿ ಸರ್" ಅನ್ನುತ್ತಾರೆ. ಸಾವಿರಾರು ರೂಪಾಯಿ ಕಟ್ಟುತ್ತೇವೆ. ನಾಲ್ಕನೇ ವರ್ಷ ಗಾಡಿ ಕೆಟ್ಟಾಗ ಅದೇ ಡೀಲರ್ ಬಳಿ ಹೋದರೆ, "ಇದು ವಾರಂಟಿಯಲ್ಲಿ ಬರಲ್ಲ" ಎಂಬ ಉತ್ತರ.

ನಮ್ಮ ಪಕ್ಕದ ಮನೆಯ ಮೇಷ್ಟರ ಕಾರಿನ ಎಸಿ ಕಂಪ್ರೆಸರ್ ಹೋಯಿತು. ಒಂದು ಸರ್ವಿಸ್ ತಡವಾಗಿದೆ, ಅದಕ್ಕೇ ಕ್ಲೇಮ್ ಆಗಲ್ಲ ಎಂದರು. ಎಂಜಿನ್ ಆಯಿಲ್ ತಡವಾಗಿ ಬದಲಿಸಿದ್ದಕ್ಕೂ ಕಂಪ್ರೆಸರ್‌ಗೂ ಏನು ಸಂಬಂಧ? ಮೇಷ್ಟರು ಕೇಳಿದರು, ಯಾರೂ ಉತ್ತರ ಕೊಡಲಿಲ್ಲ. ಬಿಚ್ಚಿ ನೋಡಿದ್ದಕ್ಕೆ ಬಿಲ್ ಮಾತ್ರ ಕೊಟ್ಟರು. ನನಗೆ ಸಿಟ್ಟು ಬರುವುದು ಇಲ್ಲೇ.

ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್ ಓಡಿದಷ್ಟೂ ಸವೆಯುತ್ತವೆ. ಅವು ಸಾಮಾನ್ಯವಾಗಿ ವಾರಂಟಿಯಿಂದ ಹೊರಗೆ, ಅದು ನ್ಯಾಯವೇ. ಆದರೆ ಬೇಗ ಕೆಟ್ಟ ಪ್ರತಿ ಭಾಗಕ್ಕೂ ಸವೆತ ಅಂತ ಹೆಸರಿಟ್ಟರೆ ನಾವು ದುಡ್ಡು ಕಟ್ಟಿದ್ದು ಯಾವುದಕ್ಕೆ? ಇನ್ನೊಂದು ವಿಷಯ. ಈ ವಾರಂಟಿ ಕೊಡುವವರು ಕೆಲವೊಮ್ಮೆ ಕಾರು ತಯಾರಿಸಿದ ಕಂಪನಿ, ಕೆಲವೊಮ್ಮೆ ಬೇರೆಯೇ ಕಂಪನಿ, ಡೀಲರ್ ಮಾರುವವರು ಅಷ್ಟೇ. ದುಡ್ಡು ಕಟ್ಟುವ ಮೊದಲೇ ವಾರಂಟಿ ಪುಸ್ತಕ ಕೇಳಿ ಪಡೆಯಿರಿ. ಯಾವ ಭಾಗಗಳು ಸೇರಿಲ್ಲ ಅನ್ನುವ ಪುಟವನ್ನು ಅಲ್ಲೇ ಕೂತು ಓದಿ.

ಗಾಡಿ ಕೆಟ್ಟಾಗ ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿ ಬಿಡುವಾಗ ಸರ್ವಿಸಿನವರು ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆಯಲ್ಲಿ, ತೊಂದರೆಯನ್ನು ನಿಮ್ಮ ಮಾತಿನಲ್ಲೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. ಕ್ಲೇಮ್ ಆಗಲ್ಲ ಎಂದರೆ ಯಾವ ಷರತ್ತಿನ ಪ್ರಕಾರ ಆಗಲ್ಲ ಎಂದು ಇಮೇಲ್‌ನಲ್ಲಿ ಕೇಳಿ. ಕೌಂಟರಿನಲ್ಲಿ ಸಲೀಸಾಗಿ ಇಲ್ಲ ಎಂದವರು ಬರೆದುಕೊಡುವಾಗ ಎರಡು ಸಲ ಯೋಚಿಸುತ್ತಾರೆ, ಅಲ್ವಾ?

ಅಲ್ಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದರ ಮುಂದಿನ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶೋರೂಮ್ ಇರುವ ಊರಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ಆದರೆ ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು. ಆ ದಿನ ಯಾವುದು ಎಂದು ತೋರಿಸಲು ಡೀಲರ್ ಕಳಿಸಿದ ಇಮೇಲ್ ನಿಮ್ಮ ಕೈಲಿರಬೇಕು.

ನಮಸ್ಕಾರ.