ಆಯಿಷಾ: ಒಂದು ಹೆಸರಿನ ಮೂಲ, ಅರ್ಥ ಮತ್ತು ಹರವು

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಅರಬ್ಬಿ ಮೂಲದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಮಾತನಾಡಬೇಕೆಂದಾಗ ಫಾತಿಮಾ, ಮರಿಯಂ, ಝೈನಬ್, ಖದೀಜಾ ಮೊದಲಾದ ಹೆಸರುಗಳೂ ನನ್ನ ಮುಂದಿದ್ದವು. ಅವುಗಳ ನಡುವೆ ಆಯಿಷಾ ಎಂಬುದನ್ನು ಆರಿಸಿಕೊಳ್ಳಲು ಕಾರಣವಿದೆ. ಇದರ ಅರ್ಥ ತೀರ ಸರಳ. ಆದರೆ ಇದು ಹರಡಿರುವ ಬಗೆ ಅಷ್ಟು ಸರಳವಲ್ಲ. ಪಶ್ಚಿಮದಲ್ಲಿ ಸೆನೆಗಲ್‌ನಿಂದ ಹಿಡಿದು ಪೂರ್ವದಲ್ಲಿ ಇಂಡೋನೇಷ್ಯಾದವರೆಗೆ ನಿತ್ಯ ಕೇಳಿಬರುವ ಈ ಹೆಸರು, ನಡುವೆ ಇರಾನಿನ ಬಹುಪಾಲು ಮನೆಗಳಲ್ಲಿ ಕೇಳಿಸುವುದೇ ಇಲ್ಲ. ಅರ್ಥ ಚೆನ್ನಾಗಿದೆ ಎಂಬುದಷ್ಟೇ ಹೆಸರೊಂದನ್ನು ಜನಪ್ರಿಯಗೊಳಿಸುವುದಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಹೆಸರನ್ನು ಮೊದಲು ಹೊತ್ತವರು ಯಾರು, ಅವರನ್ನು ಯಾರು ಹೇಗೆ ನೆನೆಯುತ್ತಾರೆ ಎಂಬುದೇ ಇಲ್ಲಿ ನಿರ್ಣಾಯಕವಾಯಿತು ಎಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಅರ್ಥವನ್ನು ನೋಡೋಣ. ಅರಬ್ಬಿಯಲ್ಲಿ ಶಬ್ದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಐನ್, ಯಾ, ಶೀನ್ ಎಂಬ ಮೂರು ಅಕ್ಷರಗಳ ಧಾತುವಿಗೆ ಬದುಕು, ಜೀವಿಸು ಎಂಬ ಅರ್ಥವಿದೆ. ಅದರ ಕರ್ತೃವಾಚಕ ರೂಪಕ್ಕೆ ಸ್ತ್ರೀಲಿಂಗದ ಪ್ರತ್ಯಯ ಸೇರಿದಾಗ ‘ಬದುಕಿರುವವಳು’, ‘ಬಾಳುವವಳು’ ಎಂಬ ಅರ್ಥದ ಆಯಿಷಾ ಸಿದ್ಧವಾಗುತ್ತದೆ. ಫಾತಿಮಾ, ಆಮಿನಾ, ಖಾಲಿದಾ ಎಂಬ ಹೆಸರುಗಳು ಕೂಡ ಇದೇ ಅಚ್ಚಿನಲ್ಲಿ ರೂಪುಗೊಂಡವು. ವ್ಯಾಕರಣದ ನಿಯಮದಂತೆ ಬರಹದ ಅರಬ್ಬಿಯಲ್ಲಿ ನಡುವಿನ ಯಕಾರವು ಗಂಟಲಲ್ಲಿ ತಡೆದು ಬಿಡುವ ಹಂಝಾ ಧ್ವನಿಯಾಗುತ್ತದೆ. ಆಡುಮಾತಿನಲ್ಲಿ ಮಾತ್ರ ಅದು ಯಕಾರವಾಗಿಯೇ ಉಳಿಯುತ್ತದೆ. ನಾವು ಕನ್ನಡದಲ್ಲಿ ‘ಯಿ’ ಎಂದು ಬರೆಯುವುದು ಆ ಆಡುಮಾತಿಗೆ ಹತ್ತಿರವಾಗಿದೆ. ಮೊದಲಕ್ಷರವಾದ ಐನ್‌ಗೆ ನಮ್ಮ ಲಿಪಿಯಲ್ಲಿ ಗುರುತಿಲ್ಲ, ನಮ್ಮ ಗಂಟಲಿಗೆ ಅದರ ಅಭ್ಯಾಸವೂ ಇಲ್ಲವಾದ್ದರಿಂದ ಅದು ಬರಿಯ ಆಕಾರವಾಗಿ ನಿಲ್ಲುತ್ತದೆ.

ಇದೇ ಧಾತುವಿನ ಇನ್ನೊಂದು ಪದ ‘ಐಶ್’. ಈಜಿಪ್ಟಿನಲ್ಲಿ ಐಶ್ ಎಂದರೆ ರೊಟ್ಟಿ. ಕೊಲ್ಲಿ ರಾಷ್ಟ್ರಗಳ ಆಡುಮಾತಿನಲ್ಲಿ ಅದೇ ಪದ ಅನ್ನಕ್ಕೆ ಸಲ್ಲುತ್ತದೆ. ಯಾವುದನ್ನು ತಿಂದು ಬದುಕುತ್ತೇವೋ ಅದಕ್ಕೆ ಬದುಕು ಎಂದೇ ಹೆಸರು. ಬದುಕು ಎಂಬ ಅರ್ಥದಿಂದ ಸುಖದ ಬದುಕು ಎಂಬ ಅರ್ಥಕ್ಕೆ ಸರಿದ ಅದೇ ಪದವು ಫಾರ್ಸಿಯ ‘ಆರಾಮ್’ ಜೊತೆ ಸೇರಿ ನಮ್ಮಲ್ಲಿಗೆ ‘ಐಷಾರಾಮ’ ಆಗಿ ಬಂದು, ಈಗ ‘ಐಷಾರಾಮಿ ಕಾರು’ ಎಂದು ಬರೆಯುವಾಗ ಅದು ಪರಕೀಯ ಪದ ಎಂಬ ನೆನಪೂ ಯಾರಿಗೂ ಬಾರದಷ್ಟು ಕನ್ನಡವಾಗಿದೆ. ಹೆಸರುಗಳ ಪಟ್ಟಿಗಳಲ್ಲಿ ಆಯಿಷಾ ಎಂದರೆ ‘ಸುಖಿ’, ‘ಸಮೃದ್ಧೆ’ ಎಂದೆಲ್ಲ ಅರ್ಥ ಕೊಟ್ಟಿರುವುದಕ್ಕೆ ಈ ಸರಿದ ಅರ್ಥವೇ ಆಧಾರ; ಮೂಲಾರ್ಥ ಅದಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಬೇಕು. ಸಂಸ್ಕೃತದ ಆಯುಸ್, ಆಯುಷ್ಮತಿ, ಈಚಿನ ಆಯುಷಿ ಎಂಬ ಹೆಸರುಗಳ ಧ್ವನಿಯೂ ಅರ್ಥವೂ ಆಯಿಷಾಗೆ ತುಂಬ ಹತ್ತಿರವಾಗಿರುವುದರಿಂದ ಇವೆರಡಕ್ಕೂ ಒಂದೇ ಬೇರಿರಬೇಕೆಂದು ಹಲವರು ಊಹಿಸುತ್ತಾರೆ. ಭಾಷಾಕುಟುಂಬಗಳು ಬೇರೆ, ಧಾತುಗಳು ಬೇರೆ, ಹೋಲಿಕೆ ಆಕಸ್ಮಿಕ.

ಇಸ್ಲಾಮಿಗೆ ಮೊದಲೂ ಅರೇಬಿಯಾದಲ್ಲಿ ಈ ಹೆಸರು ಇತ್ತು. ಹಸುಗೂಸುಗಳು ಉಳಿಯುವುದೇ ಕಷ್ಟವಾಗಿದ್ದ ಕಾಲದಲ್ಲಿ ಮಗಳನ್ನು ‘ಬದುಕುವವಳು’ ಎಂದು ಕರೆಯುವುದರಲ್ಲಿ ಹಾರೈಕೆ ಇದ್ದಿರಬೇಕೆಂದು ತಿಳಿಯುವುದು ಸಹಜ. ನಮ್ಮಲ್ಲಿ ಮಕ್ಕಳು ನಿಲ್ಲದ ಮನೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುತ್ತಿದ್ದರು. ಅಲ್ಲಿಯದು ನೇರವಾದ ಮಾತು, ನಮ್ಮದು ಉಪಾಯದ ದಾರಿ.

ಹೀಗೆ ಹಲವು ಹೆಸರುಗಳಲ್ಲಿ ಒಂದಾಗಿದ್ದ ಆಯಿಷಾ ಏಳನೆಯ ಶತಮಾನದಲ್ಲಿ ಬೇರೆಯೇ ತೂಕ ಪಡೆಯಿತು. ಪ್ರವಾದಿ ಮುಹಮ್ಮದರ ಪತ್ನಿ, ಮೊದಲ ಖಲೀಫ ಅಬೂಬಕರರ ಮಗಳು ಆಯಿಷಾ ಅವರನ್ನು ಪ್ರವಾದಿಯ ಇತರ ಪತ್ನಿಯರಂತೆಯೇ ‘ವಿಶ್ವಾಸಿಗಳ ತಾಯಿ’ ಎಂದು ಮುಸ್ಲಿಮರು ಗೌರವಿಸುತ್ತಾರೆ. ಪತ್ನಿ ಎಂಬ ಒಂದೇ ಕಾರಣಕ್ಕೆ ಅವರ ಹೆಸರು ಇಷ್ಟು ಹರಡಿತೆಂದು ನನಗನ್ನಿಸುವುದಿಲ್ಲ. ಸಾಂಪ್ರದಾಯಿಕ ಎಣಿಕೆಯ ಪ್ರಕಾರ ಅವರ ಮೂಲಕ 2210 ಹದೀಸುಗಳು, ಅಂದರೆ ಪ್ರವಾದಿಯ ನಡೆನುಡಿಗಳ ವೃತ್ತಾಂತಗಳು, ವರದಿಯಾಗಿವೆ. ಪ್ರವಾದಿಯ ನಿಧನದ ಬಳಿಕ ದಶಕಗಳ ಕಾಲ ಮದೀನಾದಲ್ಲಿ ಬಾಳಿದ ಅವರ ಬಳಿಗೆ ಧರ್ಮವಿಧಿ, ವಾರಸುದಾರಿಕೆ, ಮನೆವಾಳ್ತೆಗಳಂಥ ವಿಷಯಗಳ ಪ್ರಶ್ನೆಗಳನ್ನು ಹೊತ್ತು ಗಂಡಸರೂ ಹೆಂಗಸರೂ ಬರುತ್ತಿದ್ದರು. ಇತರ ಸಹಚರರ ವರದಿಯಲ್ಲಿ ತಪ್ಪು ಕಂಡಾಗ ಅವರು ತಿದ್ದಿದ ಪ್ರಸಂಗಗಳು ದಾಖಲಾಗಿವೆ. ಪ್ರವಾದಿಯು ಅವರನ್ನು ಕೊನೆಯ ಸ್ವರ ಬಿಟ್ಟು ‘ಯಾ ಆಯಿಶ್’ ಎಂದು ಮುದ್ದಿನಿಂದ ಕರೆದ ಉಲ್ಲೇಖವೂ ಹದೀಸಿನಲ್ಲಿದೆ. ಸ್ವಂತ ಮಕ್ಕಳಿಲ್ಲದ ಅವರು ಅಕ್ಕನ ಮಗ ಅಬ್ದುಲ್ಲಾರ ಹೆಸರಿನಿಂದ ‘ಉಮ್ಮು ಅಬ್ದುಲ್ಲಾ’ ಎನಿಸಿಕೊಂಡರು. ಕ್ರಿ.ಶ. 678ರಲ್ಲಿ ಮದೀನಾದಲ್ಲಿ ತೀರಿಕೊಂಡರು.

ಹೆಸರಿನ ಹರವಿನಲ್ಲಿ ಬಿರುಕು ಬಿದ್ದದ್ದು ಅವರ ಬಾಳಿನ ಇನ್ನೊಂದು ಘಟನೆಯಿಂದ. ಮೂರನೆಯ ಖಲೀಫ ಉಸ್ಮಾನರ ಹತ್ಯೆಯ ನಂತರ, 656ರಲ್ಲಿ, ಬಸ್ರಾದ ಬಳಿ ನಡೆದ ಯುದ್ಧದಲ್ಲಿ ಆಯಿಷಾ ನಾಲ್ಕನೆಯ ಖಲೀಫ ಅಲಿಯವರ ಎದುರು ಪಕ್ಷದಲ್ಲಿದ್ದರು. ಅವರು ಕುಳಿತಿದ್ದ ಒಂಟೆಯ ಸುತ್ತಲೇ ಕಾಳಗ ದಟ್ಟವಾದ್ದರಿಂದ ಇತಿಹಾಸದಲ್ಲಿ ಅದು ಒಂಟೆಯ ಯುದ್ಧವೆಂದೇ ಹೆಸರಾಗಿದೆ. ಆಯಿಷಾ ಅವರ ಪಕ್ಷ ಸೋತ ಬಳಿಕ ಅಲಿಯವರು ಅವರನ್ನು ಗೌರವದಿಂದಲೇ ಮದೀನಾಕ್ಕೆ ಕಳುಹಿಸಿಕೊಟ್ಟರು. ಅಲಿಯವರ ಪರಂಪರೆಯನ್ನು ಕೇಂದ್ರವಾಗಿ ನಂಬುವ ಶಿಯಾ ಕುಟುಂಬಗಳು ಈ ನೆನಪಿನಿಂದಾಗಿ ಮಗಳಿಗೆ ಆಯಿಷಾ ಎಂದು ಹೆಸರಿಡುವುದು ಅಪರೂಪ. ಅವರ ಒಲವು ಫಾತಿಮಾ, ಝೈನಬ್, ಝಹ್ರಾ ಎಂಬ ಹೆಸರುಗಳ ಕಡೆಗೆ. ಇರಾನಿನಲ್ಲೂ ಬಲೂಚಿ, ತುರ್ಕಮನ್ ಮುಂತಾದ ಸುನ್ನಿ ಸಮುದಾಯಗಳಲ್ಲಿ ಆಯಿಷಾ ಸಿಗುತ್ತಾಳೆ.

ಮುಂದಿನ ಶತಮಾನಗಳಲ್ಲಿ ಈ ಹೆಸರಿನ ಸಮರ್ಥ ಹೆಂಗಸರು ಸಾಲಾಗಿ ಕಾಣುತ್ತಾರೆ. ದಮಾಸ್ಕಸ್‌ನ ಸೂಫಿ ಕವಯಿತ್ರಿ ಆಯಿಷಾ ಅಲ್‌ಬಾಊನಿಯ್ಯಾ 1517ರಲ್ಲಿ ನಿಧನರಾದರು. ಹತ್ತೊಂಬತ್ತನೆಯ ಶತಮಾನದ ಈಜಿಪ್ಟಿನ ಆಯಿಷಾ ತೈಮೂರ್ ಅರಬ್ಬಿ, ತುರ್ಕಿ, ಫಾರ್ಸಿ ಮೂರರಲ್ಲೂ ಕವಿತೆ ಬರೆದರು. ಅದೇ ಈಜಿಪ್ಟಿನಲ್ಲಿ 1913ರಲ್ಲಿ ಹುಟ್ಟಿ, ಕುರ್‌ಆನಿಗೆ ಸಾಹಿತ್ಯದೃಷ್ಟಿಯ ವ್ಯಾಖ್ಯಾನ ಬರೆದ ವಿದುಷಿ ಆಯಿಷಾ ಅಬ್ದುರ್ರಹ್ಮಾನ್ ಮಾತ್ರ ಮನೆಯವರ ಸಂಕೋಚಕ್ಕಾಗಿ ‘ಬಿಂತ್ ಅಶ್ಶಾತಿ’, ಅಂದರೆ ‘ದಡದ ಮಗಳು’ ಎಂಬ ಕಾವ್ಯನಾಮದ ಹಿಂದೆ ನಿಂತರು. ವಿದ್ವತ್ತಿನ ಪರಂಪರೆಯುಳ್ಳ ಹೆಸರನ್ನೇ ಮರೆಮಾಡಿ ವಿದ್ವತ್ತು ನಡೆಸಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ನಾಡಿನಿಂದ ನಾಡಿಗೆ ಹೋದಂತೆ ಹೆಸರಿನ ಉಚ್ಚಾರವೂ ಬದಲಾಯಿತು. ತುರ್ಕಿಯಲ್ಲಿ ಅದು ‘ಆಯ್ಶೆ’. ಅಲ್ಲಿ ಅದೆಷ್ಟು ಸಾಮಾನ್ಯವೆಂದರೆ, 1974ರಲ್ಲಿ ಸೈಪ್ರಸ್ ಕುರಿತು ಜಿನೀವಾದಲ್ಲಿ ಮಾತುಕತೆ ನಡೆಯುತ್ತಿದ್ದಾಗ ತುರ್ಕಿಯ ವಿದೇಶಾಂಗ ಸಚಿವ ತುರಾನ್ ಗ್ಯುನೆಶ್ ಎರಡನೆಯ ಹಂತದ ಸೇನಾ ಕಾರ್ಯಾಚರಣೆ ಆರಂಭಿಸಬಹುದೆಂಬ ಸೂಚನೆಯನ್ನು ದೂರವಾಣಿಯಲ್ಲಿ ‘ಆಯ್ಶೆ ರಜೆಗೆ ಹೊರಡಲಿ’ ಎಂಬ ಸಂಕೇತದ ಮಾತಿನಲ್ಲಿ ತಿಳಿಸಿದರು. ಅವರ ಮಗಳ ಹೆಸರೂ ಆಯ್ಶೆಯೇ ಆಗಿತ್ತು. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ಇದು ‘ಆಶಾ’ ಆಗುತ್ತದೆ. ನಮ್ಮ ಆಶಾಳಿಗೂ ಅದಕ್ಕೂ ಸಂಬಂಧವಿಲ್ಲ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ‘ಸಿತಿ’ ಎಂಬ ಗೌರವಪದದೊಡನೆ ‘ಸಿತಿ ಐಸ್ಯಾ’. ಅಮೆರಿಕದಲ್ಲಿ 1970ರ ದಶಕದಲ್ಲಿ ಕಪ್ಪುಜನರು ಗುಲಾಮಗಿರಿಯ ಕಾಲದ ಹೆಸರುಗಳಿಂದ ಬಿಡಿಸಿಕೊಂಡು ಅರಬ್ಬಿ, ಆಫ್ರಿಕನ್ ಹೆಸರುಗಳನ್ನು ಆರಿಸತೊಡಗಿದಾಗ ಮುಸ್ಲಿಮರಲ್ಲದ ಮನೆಗಳಿಗೂ ಆಯಿಷಾ ಬಂದಳು.

ಕರ್ನಾಟಕದಲ್ಲಿ ದಖನಿ ಉರ್ದು ಆಡುವ ಮನೆಗಳ ಹಿರಿಯರಲ್ಲಿ ಆಯಿಷಾಬಿ, ಆಯಿಷಾ ಬೇಗಂ ಎಂಬ ರೂಪಗಳು ಸಿಗುತ್ತವೆ. ಕರಾವಳಿಯ ಬ್ಯಾರಿ ಸಮುದಾಯದ ಅಜ್ಜಿಯರು ಐಸಮ್ಮ. ಅರಬ್ಬಿ ಹೆಸರಿಗೆ ನಮ್ಮ ಅಮ್ಮ ಸೇರಿದ ಈ ರೂಪವೇ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಮೊಮ್ಮಕ್ಕಳ ಕಾಲಕ್ಕೆ ಬಿ, ಅಮ್ಮ ಎರಡೂ ಕಳಚಿ, ಆಯಿಷಾ, ಆಯೇಷಾ, ಆಯಿಶಾ, ಐಷಾ ಎಂಬ ಬರಹಭೇದಗಳು ಉಳಿದಿವೆ. ಮೂಲದ ಶೀನ್‌ಗೆ ತಾಲವ್ಯ ಶಕಾರವೇ ಹತ್ತಿರವಾದರೂ ನಮ್ಮ ಮಾತಿನಲ್ಲಿ ಶ, ಷ ಎರಡರ ಭೇದ ಬಹುಮಟ್ಟಿಗೆ ಅಳಿಸಿರುವುದರಿಂದ ಷಕಾರವನ್ನು ತಪ್ಪೆನ್ನಲು ನಾನು ಸಿದ್ಧನಿಲ್ಲ.

ದಕ್ಷಿಣ ಕನ್ನಡದ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ‘ಆಯಿಶತ್’ ಎಂದು ಮೊದಲಾಗಿ, ಅದರ ಮುಂದೆ ಇನ್ನೊಂದು ಹೆಸರು ಸೇರಿದ ರೂಪವೂ ಸಾಮಾನ್ಯ. ಫಾತಿಮತ್, ಖತೀಜತ್ ಎಂಬವುಗಳೂ ಹಾಗೆಯೇ. ಹೊರಗಿನವರಿಗೆ ಇದು ಅಪಭ್ರಂಶದಂತೆ ಕಾಣುತ್ತದೆ. ವಾಸ್ತವದಲ್ಲಿ ಆ ತಕಾರ ಅರಬ್ಬಿಯ ಸ್ತ್ರೀಲಿಂಗ ಪ್ರತ್ಯಯದ್ದೇ; ಪದ ಒಂಟಿಯಾಗಿ ನಿಂತಾಗ ಅಡಗಿ, ಮುಂದೆ ಮತ್ತೊಂದು ಪದ ಬಂದಾಗ ಕೇಳಿಸುವಂಥದು. ಪಶ್ಚಿಮ ಆಫ್ರಿಕದ ‘ಆಯಿಸಾತು’, ಹೌಸಾ ಭಾಷೆಯ ‘ಆಯಿಶಾತು’ ಎಂಬ ರೂಪಗಳಲ್ಲಿ ಉಳಿದಿರುವುದೂ ಇದೇ ತಕಾರ. ಆಡುಮಾತಿನಿಂದ ಬಂದ ಐಸಮ್ಮನ ಪಕ್ಕದಲ್ಲಿಯೇ, ಕಿತಾಬು ಓದಿಸುವ ಮದರಸಗಳ ಮೂಲಕ ಬರಹದ ಅರಬ್ಬಿಯ ಆಯಿಶತ್ ಕೂಡ ಕರಾವಳಿಗೆ ಬಂದಿರಬೇಕೆಂದು ನನ್ನ ಅಭಿಪ್ರಾಯ. ಆದ್ದರಿಂದ ದಾಖಲೆ ತಿದ್ದುವ ಗುಮಾಸ್ತರು ಅದನ್ನು ಕೈಬರಹದ ದೋಷವೆಂದು ತಿಳಿದು ತಕಾರವನ್ನು ಹೊಡೆದುಹಾಕುವ ಅಗತ್ಯವಿಲ್ಲ.