ಎರಡು ಕಿಲೋದ ಕೂಸು, ಎರಡು ಗಂಟೆಯ ದಾರಿ

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆಯ ನಮಗೆ ಹೆರಿಗೆ ಸ್ವಲ್ಪ ಕಷ್ಟ ಅಂತ ಗೊತ್ತಾದ ಕೂಡಲೇ ನೆನಪಾಗುವುದು ಮಂಗಳೂರು. ಹೋಗುವಾಗಿನ ಗಡಿಬಿಡಿಯಲ್ಲಿ ವಾಪಸು ಬರುವ ದಾರಿಯ ಯೋಚನೆ ಯಾರಿಗೂ ಬರುವುದಿಲ್ಲ. ನನಗೂ ಬಂದಿರಲಿಲ್ಲ. ನನ್ನ ಮಗಳಿಗೆ 34ನೇ ವಾರದಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಮನೆಗೆ ಕರಕೊಂಡು ಹೋಗಿ ಅಂತ ಡಾಕ್ಟರು ಹೇಳಿದ ದಿನ ಅದರ ತೂಕ ಎರಡು ಕಿಲೋ.

ನಾನು ಅಂಗನವಾಡಿಯಲ್ಲಿ ಟೀಚರಾಗಿದ್ದವಳು. ತಿಂಗಳು ತಿಂಗಳು ಎಷ್ಟೋ ಮಕ್ಕಳ ತೂಕ ನೋಡಿ ಬರೆದಿದ್ದೇನೆ. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದ ಕೂಸು ಅಂದರೆ ಜಾಸ್ತಿ ಜಾಗ್ರತೆ ಬೇಕು ಅಂತ ತಾಯಂದಿರಿಗೆ ಹೇಳಿದ್ದೇನೆ. ಆದರೆ ಅಂಥ ಕೂಸನ್ನು ಕಾರಿನಲ್ಲಿ ಹೇಗೆ ಕೂರಿಸುವುದು ಅಂತ ನಾನು ಕಲಿತದ್ದು ಆ ವಾರ.

ನಮ್ಮಲ್ಲಿನ ಕ್ರಮ ನಿಮಗೆ ಗೊತ್ತಲ್ವಾ? ಕೂಸನ್ನು ಹಳೆ ಸೀರೆಯ ತುಂಡಿನಲ್ಲಿ ಬೆಚ್ಚಗೆ ಸುತ್ತಿ ಅಜ್ಜಿಯ ಮಡಿಲಿಗೆ ಕೊಡುತ್ತಾರೆ. ಕಾಲು ಚಾಚಲು ಜಾಗ ಇದೆ ಅಂತ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಪ್ರೀತಿಗೆ ಏನೂ ಕಡಿಮೆಯಿಲ್ಲ. ಆದರೆ ಹೆದ್ದಾರಿಯಲ್ಲಿ ಕಾರು ಎಲ್ಲಿಗಾದರೂ ಗುದ್ದಿದರೆ ಎಷ್ಟು ಗಟ್ಟಿ ಕೈಯಾದರೂ ಕೂಸನ್ನು ಹಿಡಿದಿಡಲಾರದು. ಅಜ್ಜಿಯ ಮೈಭಾರವೇ ಅದರ ಮೇಲೆ ಬೀಳಬಹುದು. ಮುಂದೆ ಏರ್‌ಬ್ಯಾಗ್ ಬೇರೆ ಇರುತ್ತದೆ. ದೊಡ್ಡವರನ್ನು ಉಳಿಸುವ ಅದೇ ಏರ್‌ಬ್ಯಾಗಿನ ಹೊಡೆತ ಕೂಸಿನ ಜೀವ ತೆಗೆಯಬಹುದು. ಹಾಗಾಗಿ ಕೂಸಿನ ಜಾಗ ಹಿಂದಿನ ಸೀಟು.

ಅಳಿಯ ಕೂಸಿನ ಕಾರ್ ಸೀಟ್ ತಂದಿದ್ದರು. ಅಂಗಡಿಯವರು ಅದರ ಜೊತೆಗೆ ದಪ್ಪ ಮೆತ್ತನೆಯ ಕುಶನ್ ಒಂದನ್ನೂ ಬೇರೆ ದುಡ್ಡಿಗೆ ಕೊಟ್ಟಿದ್ದರು. ಕೂಸು ಸಣ್ಣದಲ್ವಾ, ಹಿಂದೆ ಇಟ್ಟರೆ ಹಿತವಾಗಿರುತ್ತದೆ ಅಂತ. ನನಗೂ ಸರಿ ಅನ್ನಿಸಿತು.

ಹೊರಡುವ ಹಿಂದಿನ ದಿನ ನರ್ಸಮ್ಮ ಒಬ್ಬರು ಕೇಳಿದರು, 'ಅಮ್ಮಾ, ಮನೆಗೆ ಎಷ್ಟು ಹೊತ್ತಿನ ದಾರಿ?' ಎರಡು ಗಂಟೆ ಅಂದೆ. 'ಹಾಗಾದರೆ ಸೀಟನ್ನು ಮೇಲೆ ತನ್ನಿ, ಇಲ್ಲೇ ಕೂರಿಸಿ ನೋಡುವ' ಅಂದರು. ಕೂಸಿನ ಪಾದಕ್ಕೆ ಆಕ್ಸಿಜನ್ ನೋಡುವ ಪಟ್ಟಿ ಕಟ್ಟಿದರು. ಇಪ್ಪತ್ತು ನಿಮಿಷ ಆಗಿರಲಿಲ್ಲ, 97 ಇದ್ದ ಅಂಕಿ ಇಳಿಯುತ್ತಾ 88ಕ್ಕೆ ಬಂತು. ಕೂಸು ಅಳಲಿಲ್ಲ, ಒದ್ದಾಡಲಿಲ್ಲ. ನಿದ್ದೆ ಮಾಡುತ್ತಿತ್ತು. ಆ ಯಂತ್ರ ಇಲ್ಲದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಎದೆ ನಡುಗುತ್ತದೆ.

ಆದದ್ದು ಇಷ್ಟೇ. ದಿನ ತುಂಬದ ಕೂಸಿನ ಕುತ್ತಿಗೆಗೆ ಬಲ ಇಲ್ಲ, ತಲೆ ಮಾತ್ರ ಭಾರ. ಹಿಂದಿನ ಕುಶನ್ ತಲೆಯನ್ನು ಮುಂದಕ್ಕೆ ದೂಡಿತು. ಗದ್ದ ಎದೆಗೆ ತಾಗಿತು. ಕೂಸಿನ ಶ್ವಾಸದ ನಾಳ ತೀರಾ ಸಪೂರ, ಮೆತ್ತಗೆ ಬೇರೆ. ಕುತ್ತಿಗೆ ಹಾಗೆ ಮಡಚಿದರೆ ನೀರಿನ ಪೈಪು ಮಡಚಿದ ಹಾಗೆ ಉಸಿರಿನ ದಾರಿ ಕಿರಿದಾಗುತ್ತದೆ.

ನರ್ಸಮ್ಮ ಕುಶನ್ ತೆಗೆದು ಬದಿಗಿಟ್ಟರು. ಸೀಟಿನ ಕಂಪನಿಯೇ ಜೊತೆಗೆ ಕೊಟ್ಟದ್ದಲ್ಲದ ಯಾವುದನ್ನೂ ಕೂಸಿನ ಹಿಂದೆ, ಅಡಿಗೆ ಇಡಬಾರದು ಅಂದರು. ಮತ್ತೆ ಎರಡು ತೆಳು ಬೈರಾಸು (ಟವೆಲು) ಕೇಳಿದರು. ಮೊದಲು ಕೂಸನ್ನು ಬೆನ್ನು, ಸೊಂಟ ಪೂರ್ತಿ ಸೀಟಿಗೆ ಒರಗುವಂತೆ ಕೂರಿಸಿ ಬೆಲ್ಟ್ ಹಾಕಿದರು. ಆಮೇಲೆ ಬೈರಾಸುಗಳನ್ನು ಸುರುಳಿ ಸುತ್ತಿ ತಲೆಯ, ಮೈಯ ಎರಡು ಬದಿಗೂ ಒತ್ತಿಗೆ ಇಟ್ಟರು. ತಲೆ ಅತ್ತಿತ್ತ ವಾಲುವುದು ನಿಂತಿತು. ಕಾಲಿನ ನಡುವಿನ ಬೆಲ್ಟಿಗೂ ಡಯಾಪರಿಗೂ ನಡುವೆ ಜಾಗ ಉಳಿದಿತ್ತು. ಅಲ್ಲಿಗೆ ಕರ್ಚೀಫಿನಷ್ಟು ಬಟ್ಟೆಯ ಸಣ್ಣ ಸುರುಳಿ. ಕೂಸು ಕೆಳಗೆ ಜಾರುವುದು ಅದರಿಂದ ತಪ್ಪಿತು.

ಸೀಟಿನ ಓರೆಯನ್ನೂ ಸರಿ ಮಾಡಿದರು. ಸುಮಾರು 45 ಡಿಗ್ರಿ ಹಿಂದಕ್ಕೆ ಒರಗಿರಬೇಕಂತೆ. ಹೆಚ್ಚು ನೆಟ್ಟಗಿದ್ದರೆ ತಲೆ ಮುಂದೆ ಬೀಳುತ್ತದೆ. ತುಂಬಾ ಮಲಗಿಸಿದರೆ ಗುದ್ದಿದಾಗ ಕೂಸು ಹೆಗಲಿನ ಕಡೆಗೆ ಜಾರುತ್ತದೆ. ಹೆಚ್ಚಿನ ಸೀಟುಗಳ ಬದಿಯಲ್ಲಿ ಇದಕ್ಕೆ ಒಂದು ಗೆರೆಯೋ ಗುರುತೋ ಇರುತ್ತದೆ, ನೋಡಿ.

ಎರಡನೇ ಸಲ ಒಂದೂವರೆ ಗಂಟೆ ಕೂರಿಸಿದರು. ಅಂಕಿ 95ಕ್ಕಿಂತ ಕೆಳಗೆ ಬರಲಿಲ್ಲ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 37 ವಾರಕ್ಕೆ ಮೊದಲು ಹುಟ್ಟಿದ ಕೂಸುಗಳನ್ನು ಹೀಗೆ ಅವರವರ ಸೀಟಿನಲ್ಲೇ 90ರಿಂದ 120 ನಿಮಿಷ ಕೂರಿಸಿ ನೋಡಲು ಹೇಳುತ್ತದೆ. ನಮ್ಮಲ್ಲಿ ಎಲ್ಲ ಕಡೆ ಇದನ್ನು ಮಾಡುವುದಿಲ್ಲ. ಆದರೆ ಬಾಯಿ ಬಿಟ್ಟು ಕೇಳಿ. ಕೇಳಿದರೆ ಬೇಡ ಅನ್ನುವ ಡಾಕ್ಟರು ಅಪರೂಪ. ಆಗಲೂ ಅಂಕಿ ಇಳಿದರೆ, ಮಲಗಿಸಿ ಕರೆದೊಯ್ಯುವ ಬೇರೆ ವ್ಯವಸ್ಥೆ ಏನು ಅಂತ ಅವರನ್ನೇ ಕೇಳಿ.

ಇನ್ನು ಸೀಟು ಕೊಳ್ಳುವವರಿಗೆ ಒಂದೆರಡು ಮಾತು. ಸಣ್ಣ ಕೂಸಿಗೆ ಎಲ್ಲ ಸೀಟೂ ಆಗುವುದಿಲ್ಲ. ಕೆಲವು 1.8 ಕಿಲೋದಿಂದ ಆಗುತ್ತವೆ, ಕೆಲವಕ್ಕೆ 2.3 ಕಿಲೋ ಆದರೂ ಬೇಕು. ಆರ್ 129 (ಮಕ್ಕಳ ಸೀಟಿನ ಒಂದು ಅಂತರರಾಷ್ಟ್ರೀಯ ಸುರಕ್ಷತಾ ನಿಯಮ) ಅಂತ ಬರೆದ ಸೀಟುಗಳಲ್ಲಿ ಕೂಸಿನ ಉದ್ದದ ಲೆಕ್ಕ, 40 ಸೆಂಟಿಮೀಟರಿನಿಂದ ಶುರು ಅಂತ ಕೆಲವದರಲ್ಲಿ ಇರುತ್ತದೆ. ಹೆಗಲಿನ ಬೆಲ್ಟ್ ಹೊರಬರುವ ಕೆಳಗಿನ ತೂತು ಕೂಸಿನ ಹೆಗಲಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಅಂಗಡಿಗೆ ಒಂದು ಟೇಪು ಒಯ್ಯಿರಿ. ಕೂರುವ ಜಾಗದಿಂದ ಆ ತೂತಿಗೆ 25 ಸೆಂಟಿಮೀಟರಿಗಿಂತ ಕಡಿಮೆ, ಕಾಲಿನ ನಡುವಿನ ಬೆಲ್ಟಿನಿಂದ ಒರಗುವ ಜಾಗಕ್ಕೆ 14 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಣ್ಣ ಕೂಸಿಗೆ ಒಳ್ಳೆಯದು. ಹೆಗಲಿನ ಹತ್ತಿರ ಬೆಲ್ಟನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಬೆಲ್ಟ್ ಸಡಿಲ ಇದೆ ಅಂತ ಲೆಕ್ಕ. ಮಳೆಗಾಲದ ಚಳಿಗೆ ದಪ್ಪ ಬಟ್ಟೆ ಸುತ್ತಿ ಬೆಲ್ಟ್ ಹಾಕಬೇಡಿ. ತೆಳು ಅಂಗಿ ಹಾಕಿ, ಬೆಲ್ಟ್ ಕಟ್ಟಿ, ಆಮೇಲೆ ಮೇಲಿನಿಂದ ಹೊದಿಸಿ. ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರಾದರೆ ಬಕಲನ್ನು ಮೊದಲು ಕೈಯಿಂದ ಮುಟ್ಟಿ ನೋಡಿ. ಕಬ್ಬಿಣದ ಭಾಗ ಕೂಸಿನ ಚರ್ಮ ಸುಡುವಷ್ಟು ಕಾದಿರುತ್ತದೆ.

ಕೂಸಿನ ಸೀಟನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಇಡಬೇಕು. ಯಾಕೆ ಹಾಗೆ ಅಂತ ನಮ್ಮ ಮನೆಯಲ್ಲೂ ಕೇಳಿದರು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು 1960ರ ದಶಕದಲ್ಲಿ ಬಾಹ್ಯಾಕಾಶಕ್ಕೆ ಹೋಗುವವರ ಕುರ್ಚಿ ನೋಡಿ ಇದನ್ನು ಯೋಚಿಸಿದರು. ರಾಕೆಟ್ ಹಾರುವಾಗ ಅವರ ಬೆನ್ನು ಪೂರ್ತಿ ಕುರ್ಚಿಗೆ ಒತ್ತಿರುತ್ತದೆ, ಹಾಗಾಗಿ ಹೊಡೆತ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಹಿಂದೆ ಮುಖ ಮಾಡಿದ ಕೂಸಿಗೂ ಹಾಗೆಯೇ. ಕಾರು ಗುದ್ದಿದರೆ ಅದರ ತಲೆ, ಕುತ್ತಿಗೆ, ಬೆನ್ನನ್ನು ಸೀಟೇ ಒಟ್ಟಿಗೆ ತಡೆಯುತ್ತದೆ.

ಕಾನೂನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. 2024ರ ಅಕ್ಟೋಬರಿನಲ್ಲಿ ನಮ್ಮ ಕೇರಳದಲ್ಲಿ ಮಕ್ಕಳ ಸೀಟು ಕಡ್ಡಾಯ ಅಂತ ಸುದ್ದಿ ಬಂತು, ಆದರೆ ಸದ್ಯಕ್ಕೆ ಬಲವಂತ ಮಾಡುವುದಿಲ್ಲ ಅಂತ ಆಗಿನ ಸಾರಿಗೆ ಮಂತ್ರಿಗಳು ಹೇಳಿದರು. ಸೀಟಿಗೆ ಸಾವಿರಾರು ರೂಪಾಯಿ ಬೇಕು, ಎಲ್ಲರ ಕೈಗೆ ಎಟಕುವುದಿಲ್ಲ, ನನಗೆ ಗೊತ್ತು. ನಂಟರಲ್ಲಿ ಇದ್ದರೆ ಕೇಳಿ ತನ್ನಿ. ಆದರೆ ಒಮ್ಮೆ ಅಪಘಾತದಲ್ಲಿ ಸಿಕ್ಕಿದ ಸೀಟು ಮಾತ್ರ ಬೇಡ. ಹೊರಗೆ ಕಾಣದ ಬಿರುಕು ಒಳಗೆ ಇರಬಹುದು.

ಮರುದಿನ ಹೊರಟೆವು. ಮಗಳು ಮುಂದೆ ಕೂತಳು, ನಾನು ಹಿಂದೆ ಕೂಸಿನ ಪಕ್ಕ. ದಾರಿಯುದ್ದಕ್ಕೂ ಅದರ ಗದ್ದವನ್ನೇ ನೋಡುತ್ತಿದ್ದೆ. ಅರ್ಧ ಗಂಟೆಗೊಮ್ಮೆ ಕಾರು ನಿಲ್ಲಿಸಿದೆವು. ತಲಪಾಡಿ ದಾಟಿ ಒಮ್ಮೆ, ಕುಂಬಳೆಯಲ್ಲಿ ಒಮ್ಮೆ, ಬದಿಯಡ್ಕದಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಕೂಸನ್ನು ಸೀಟಿನಿಂದ ತೆಗೆದು, ಹಾಲು ಕುಡಿಸಿ, ಎದೆಗೆ ಒರಗಿಸಿಕೊಂಡು ಸ್ವಲ್ಪ ಹೊತ್ತು ಕೂತೆವು. ಎರಡು ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿಯಿತು.

ಮನೆ ಮುಟ್ಟುವಾಗ ಕೂಸಿಗೆ ಒಳ್ಳೆ ನಿದ್ದೆ. ಸೀಟಿನಲ್ಲೇ ಮಲಗಲಿ, ಎಬ್ಬಿಸಬೇಡಿ ಅಂತ ಎಲ್ಲರೂ ಅಂದರು. ಸೀರೆಯ ಜೋಲಿ ಕಟ್ಟಿ ಇಟ್ಟವರೂ ಇದ್ದರು. ಜೋಲಿಯಲ್ಲೂ ಕುತ್ತಿಗೆ ಹಾಗೇ ಮಡಚುತ್ತದೆ. ನಾನು ಬಕಲ್ ಬಿಚ್ಚಿ ಕೂಸನ್ನು ಎತ್ತಿ, ಮಟ್ಟಸವಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿದೆ. ಅದು ಒಮ್ಮೆ ಮೈಮುರಿದು, ಮತ್ತೆ ನಿದ್ದೆ ಮಾಡಿತು.